ಮೂವತ್ತಾರು ಕಡ್ಡಿಯ ಗಾಲಿ

ಕಳೆದ ಭಾನುವಾರ ಸೈಕಲ್ ಅಂಗಡಿಗೆ ಹೋಗಿದ್ದೆ. ಯಾಕೆಂದು ಕೇಳಬೇಡಿ; ಈ ವಯಸ್ಸಿನಲ್ಲಿ ಮಂಡಿನೋವೂ ಸೈಕಲ್ಲಿನ ಆಸೆಯೂ ಒಟ್ಟಿಗೇ ಬರುತ್ತವೆ. ಬಾಗಿಲು ದೂಡಿದ್ದೇ ಹೊಸ ಟಯರುಗಳ ಘಾಟು ಮೂಗಿಗೆ ಹೊಡೆಯಿತು. ಅಂಗಡಿಯ ಹೆಣ್ಣುಮಗಳು ಗೋಡೆಯ ಮೇಲೆ ಸಾಲಾಗಿ ನೇತುಹಾಕಿದ್ದ ಗಾಲಿಗಳನ್ನು ತೋರಿಸಿ, "ಟಾರು ರಸ್ತೇಲಿ ಓಡಿಸ್ತೀರಾ ಸರ್, ಜಲ್ಲಿ ದಾರೀಲಾ? ಅದನ್ನ ನೋಡ್ಕೊಂಡು ಗಾಲಿ ಆರಿಸೋಣ" ಎಂದಳು. ಇದೇ ಪ್ರಶ್ನೆಯನ್ನು ಹಿಂದೆ ನನಗೆ ಕೇಳಿದ್ದವರು ಅಬ್ಬಾಸಾಕ, ಸೌದಿಯ ತಬೂಕಿನಲ್ಲಿ.

ತಬೂಕ್ ಪಟ್ಟಣದಾಚೆಯ ದೊಡ್ಡದೊಂದು ಫಾರ್ಮಿನಲ್ಲಿ ನಾನು ಆಗ ನೀರಾವರಿ ಇಂಜಿನಿಯರ್. ಹೆಂಡತಿ ಸುಧಾ ಅಲ್ಲಿಯ ಕ್ಲಿನಿಕ್ಕಿನಲ್ಲಿ ನರ್ಸ್. ಸೌದಿ ಎಂದರೆ ಬೆವರು ಎಂದುಕೊಂಡು ದಾವಣಗೆರೆಯಿಂದ ಒಂದು ಸ್ವೆಟರೂ ಇಲ್ಲದೆ ಹೋದವರು ನಾವು. ಮೊದಲ ಜನವರಿಯಲ್ಲೇ ಬುದ್ಧಿ ಬಂತು. ಬೆಳಗ್ಗೆ ಎದ್ದರೆ ಹೊಲಕ್ಕೆ ನೀರು ಚಿಮುಕಿಸುವ ಪೈಪುಗಳಿಂದ ಮಂಜುಗಡ್ಡೆಯ ಕೋಲುಗಳು ಇಳಿಬಿದ್ದಿರುತ್ತಿದ್ದವು. ಜೊತೆಗೆ ಉತ್ತರದಿಂದ ಬರುವ ಗಾಳಿ. ಅದಕ್ಕೆ ತಡೆಯೆಂಬುದೇ ಇಲ್ಲ. ಕಣ್ಣು ಹಾಯುವಷ್ಟು ದೂರ ಜಲ್ಲಿ ಸುರಿದಂತಹ ಬಯಲು.

ನನಗೆ ಸಕ್ಕರೆ ಕಾಯಿಲೆ ಶುರುವಾಗಿದೆ ಎಂದು ಪತ್ತೆಯಾದ ದಿನ ಸುಧಾ, "ದಿನಾ ಒಂದು ಗಂಟೆ ಮೈ ಬೆವರಬೇಕು, ಏನಾದ್ರೂ ಮಾಡಿ" ಎಂದಳು. ನಾನು ಸೈಕಲ್ ಕೊಂಡೆ. ಕೊಂಡವನು ಸುಮ್ಮನಿದ್ದೆನೆ? ಕಂಪ್ಯೂಟರಿನಲ್ಲಿ ವೀಡಿಯೊ ನೋಡಿ ನೋಡಿ, ರಿಯಾದಿಗೆ ಮೀಟಿಂಗಿಗೆ ಹೋದಾಗ ಕಪ್ಪು ಗಾಲಿಗಳ ಜೋಡಿಯೊಂದನ್ನು ತಂದೆ. ಪಕ್ಕದಿಂದ ನೋಡಿದರೆ ಅಂಗೈ ಅಗಲದ ರಿಮ್ಮು, ಬರೀ ಇಪ್ಪತ್ತು ಕಡ್ಡಿ, ಒಂದು ಬೆರಳಿನಷ್ಟು ಸಣ್ಣ ಟಯರು. ಎರಡು ಬೆರಳಲ್ಲಿ ಎತ್ತಬಹುದು, ಅಷ್ಟು ಹಗುರ. ಬಸ್ಸಿನಲ್ಲಿ ಬಾಣಂತಿ ಮಗುವನ್ನು ಹಿಡಿದ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದೆ.

ಅವನ್ನು ಕೂಡಿಸಿಕೊಡಿ ಎಂದು ಫಾರ್ಮಿನ ವರ್ಕ್‌ಶಾಪಿಗೆ ಒಯ್ದಾಗಲೇ ಅಬ್ಬಾಸಾಕನ ಪರಿಚಯ ಗಟ್ಟಿಯಾದದ್ದು. ವಿಟ್ಲದ ಕಡೆಯ ಬ್ಯಾರಿ ಮುಸ್ಲಿಮರು, ನನಗಿಂತ ಹತ್ತು ವರ್ಷ ಹಿರಿಯರು; ಹಿರಿಯರೆಂದೇ ಎಲ್ಲರೂ ಹೆಸರಿಗೆ ‘ಆಕ’ ಸೇರಿಸಿ ಕರೆಯುತ್ತಿದ್ದರು. ಊರಿನಲ್ಲಿ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದರಂತೆ. ಎಲ್ಲರ ಮನೆಗೂ ಸ್ಕೂಟರ್ ಬಂದಾಗ ಅಂಗಡಿ ಮುಚ್ಚಿ ಸೌದಿ ಸೇರಿದರು. ಅಲ್ಲಿ ಟ್ರ್ಯಾಕ್ಟರ್, ಪಂಪು, ಜನರೇಟರ್ ಎಲ್ಲಕ್ಕೂ ಅವರೇ ಮೆಕ್ಯಾನಿಕ್. ನನ್ನ ಗಾಲಿಯನ್ನು ತಿರುಗಿಸಿ ನೋಡಿ,

"ಚಂದ ಉಂಟು ಮಾರಾಯ್ರೆ. ನೀವು ಟಾರಲ್ಲಿ ಬಿಡುದಾ, ಜಲ್ಲಿಯಲ್ಲಾ?" ಎಂದರು.

"ಜಲ್ಲಿ ದಾರೀಲಿ."

"ಮತ್ತೆ ಇದೆಂತಕ್ಕೆ?"

ನನಗೆ ಸ್ವಲ್ಪ ಕೋಪವೇ ಬಂತು. ವೀಡಿಯೊ ನೋಡಿದ್ದು ನಾನು, ಅವರಲ್ಲ. ಆದರೆ ಎರಡನೆಯ ವಾರವೇ ಅಡ್ಡಗಾಳಿ ಆ ಅಗಲವಾದ ರಿಮ್ಮಿಗೆ ಬಡಿದು, ಮುಂದಿನ ಗಾಲಿ ತನ್ನಷ್ಟಕ್ಕೆ ತಿರುಗಿ, ನಾನು ಮೇವಿನ ಹೊಲದ ಕೆಸರಿನಲ್ಲಿ ಅಂಗಾತ ಬಿದ್ದೆ. ಮೂರು ಕಡ್ಡಿ ಮುರಿದಿದ್ದವು. ಬಿಗಿಯಾದ ಸೈಕಲ್ ಚಡ್ಡಿ ತೊಟ್ಟ ಇಂಜಿನಿಯರ್ ಸಾಹೇಬರನ್ನು ಎತ್ತಿ ನಿಲ್ಲಿಸಿದ ಈಜಿಪ್ಟಿನ ಕೆಲಸಗಾರರು ಪಾಪ, ಎದುರಿಗೆ ನಗಲಿಲ್ಲ.

ಅಬ್ಬಾಸಾಕನೂ ನಗಲಿಲ್ಲ. ಪೇಟೆಯಿಂದ ಸಾದಾ ಅಲ್ಯೂಮಿನಿಯಂ ರಿಮ್ಮು ತರಿಸಿ, ಮೂರು ಸಂಜೆ ಕುಳಿತು, ಒಂದೊಂದು ಗಾಲಿಗೆ ಮೂವತ್ತಾರು ಕಡ್ಡಿ ಕಟ್ಟಿದರು. ಒಂದೊಂದು ಕಡ್ಡಿಯನ್ನೂ ಬೆರಳಲ್ಲಿ ಮೀಟಿ, ಕಿವಿಗೊಟ್ಟು, ಕಾಲು ಸುತ್ತು ಬಿಗಿ ಮಾಡುವರು, ಮತ್ತೆ ಮೀಟುವರು. ಎರಡು ಬೆರಳು ಅಗಲದ ಟಯರು ಹಾಕಿದರು. ಅಚ್ಚಿನೊಳಗಿನ ಗ್ರೀಸು ಚಳಿಗೆ ಮೇಣವಾಗುತ್ತದೆಂದು ಅದನ್ನು ಒರೆಸಿ ತೆಗೆದು ತೆಳುವಾದದ್ದನ್ನು ತುಂಬಿದರು.

"ಗಾಳಿ ಗಟ್ಟಿ ತುಂಬಿಸ್ಬೇಡಿ. ಒತ್ತಿದ್ರೆ ಸ್ವಲ್ಪ ತಗ್ಗಬೇಕು. ಇಲ್ಲಾಂದ್ರೆ ಕಲ್ಲಿನ ಮೇಲೆ ಹಾರ್ತದೆ."

"ಭಾರ ಆಯ್ತಲ್ಲ ಅಬ್ಬಾಸಾಕ?"

"ಭಾರ ಹೌದು. ಒಂದು ಕಡ್ಡಿ ಹೋದ್ರೂ ಉಳಿದದ್ದು ಹಿಡೀತದೆ. ನಿಮಗೆ ಬೇಗ ಹೋಗ್ಲಿಕ್ಕಾ, ಹೋಗಿ ಮುಟ್ಲಿಕ್ಕಾ?"

ಇನ್ನು ಆ ಶುಕ್ರವಾರದ ಸಂಗತಿ. ಅದನ್ನು ಹೇಳದೆ ಬರೀ ಗಾಲಿಯ ವರ್ಣನೆ ಮಾಡಿದರೆ ನೀವು ಎದ್ದು ಹೋಗುತ್ತೀರಿ.

ಆ ವಾರ ಚಳಿ ವಿಪರೀತವಾಗಿತ್ತು. ನೀರು ಹೆಪ್ಪುಗಟ್ಟಿ ಪೈಪುಗಳು ಒಡೆಯಬಾರದೆಂದು ಮೇಲಿನ ಪಂಪ್‌ಹೌಸಿನಲ್ಲಿ ಇರುಳೆಲ್ಲ ಪಂಪು ಓಡಿಸಬೇಕಿತ್ತು. ಗುರುವಾರ ಸಂಜೆ ಆ ಪಾಳಿಗೆ ಹೊರಟವರು ಅಬ್ಬಾಸಾಕ. ಮನೆಯಲ್ಲಿದ್ದ ಒಂದು ಚೀಲ ಇದ್ದಿಲನ್ನು ಅವರಿಗೆ ಕೊಡಲು ನಾನು ಹೊರಟಾಗ ಸುಧಾ ಹೇಳಿದ್ದಳು: "ಕಿಟಕಿ ತೆಗೆದಿಟ್ಟು ಉರಿಸೋಕೆ ಹೇಳಿ. ಮುಚ್ಚಿದ ಕೋಣೇಲಿ ಇದ್ದಿಲ ಹೊಗೆ ವಿಷ, ವಾಸನೇನೂ ಗೊತ್ತಾಗಲ್ಲ." ನಾನು ಚೀಲ ಕೊಟ್ಟೆ. ಆಮೇಲೆ ಹಿಂದಿನ ಟಯರಿಗೆ ಇನ್ನೂ ದಪ್ಪ ಹಲ್ಲಿರಬೇಕಿತ್ತೇ ಎಂಬ ಬಗ್ಗೆ ಕಾಲು ಗಂಟೆ ಮಾತಾಡಿದೆ. ಅವರು ಪಿಕಪ್ಪಿನಲ್ಲಿ ಹೊರಟುಹೋದರು. ಕಿಟಕಿಯ ಮಾತು ನನ್ನ ಬಾಯಿಂದ ಬರಲೇ ಇಲ್ಲ.

"ಸುಬಹಿ ನಮಾಜು ಆದ ಕೂಡ್ಲೆ ಫೋನ್ ಮಾಡ್ತೇನೆ" ಎಂದಿದ್ದರು. ಆ ಮುಂಜಾನೆಯ ನಮಾಜಿನ ಹೊತ್ತು ಕಳೆದು ಬೆಳಕು ಹರಿಯಿತು, ಫೋನ್ ಬರಲಿಲ್ಲ. ನಾನು ಮಾಡಿದೆ; ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಚಹಾ ತಂದ ಸುಧಾ ನನ್ನ ಮುಖ ನೋಡಿ, "ಕಿಟಕಿ ವಿಷಯ ಹೇಳಿದ್ರಿ ತಾನೆ?" ಎಂದಳು. ನಾನು ಲೋಟ ಕೆಳಗಿಟ್ಟೆ.

ಫಾರ್ಮಿನವರೆಲ್ಲ ವಾಸವಿದ್ದ ಕ್ಯಾಂಪಿನಲ್ಲಿ ಉಳಿದಿದ್ದ ಒಂದೇ ಜೀಪು ಚಳಿಗೆ ಸತ್ತು ಮಲಗಿತ್ತು. ಕೀಲಿ ತಿರುಗಿಸಿದರೆ ಟಕ್ ಎನ್ನುತ್ತಿತ್ತು, ಅಷ್ಟೆ. ರಜೆಯ ದಿನವಾದ್ದರಿಂದ ಡ್ರೈವರುಗಳೆಲ್ಲ ಪೇಟೆಯಲ್ಲಿದ್ದರು. ಪಂಪ್‌ಹೌಸಿಗೆ ಬಯಲಿನ ಮೇಲೆ ನೇರ ಹೋದರೆ ಆರು ಕಿಲೋಮೀಟರ್. ಆಂಬ್ಯುಲೆನ್ಸಿಗೆ ಹೇಳು ಎಂದು ಸುಧಾಗೆ ಕೂಗಿ ಸೈಕಲ್ ಹತ್ತಿದೆ.

ಆ ಆರು ಕಿಲೋಮೀಟರನ್ನು ಹೇಗೆ ಹೇಳಲಿ? ಗಾಳಿ ಎಡಗಡೆಯಿಂದ ತಳ್ಳುತ್ತಿತ್ತು. ಕಣ್ಣಲ್ಲಿ ನೀರು, ಕೈಬೆರಳುಗಳು ಇವೆಯೋ ಇಲ್ಲವೋ ತಿಳಿಯದು. ಮುಷ್ಟಿಗಾತ್ರದ ಕಲ್ಲುಗಳ ಮೇಲೆ ಬ್ರೇಕ್ ಮುಟ್ಟದೆ ಬಿಟ್ಟೆ. ಹಿಂದಿನಿಂದ ಟಣ್ ಎಂದು ಒಂದು ಕಡ್ಡಿ ಹೋಯಿತು. ಸ್ವಲ್ಪ ದೂರಕ್ಕೆ ಇನ್ನೊಂದು. ಗಾಲಿ ಓಲಾಡತೊಡಗಿತು, ನಿಲ್ಲಲಿಲ್ಲ. "ಹೇಳಿದ್ದೆ, ಹೇಳಿದ್ದೆ" ಎಂದು ಯಾರಿಗೋ ಸುಳ್ಳು ಹೇಳುತ್ತಾ ತುಳಿದೆ. ನನಗೇ ಹೇಳಿಕೊಳ್ಳುತ್ತಿದ್ದೆನೋ ಏನೋ.

ಪಂಪ್‌ಹೌಸಿನ ಪಕ್ಕದ ಕೋಣೆಯ ಬಾಗಿಲು ಮುಚ್ಚಿತ್ತು. ಕೂಗಿದೆ. ಬಾಗಿಲು ದೂಡಿದರೆ ಕೆಳಗೆ ಏನೋ ಅಡ್ಡ; ಗಾಳಿ ನುಗ್ಗದಿರಲೆಂದು ಟವೆಲ್ ಸುತ್ತಿ ಸಂದಿಗೆ ತುರುಕಿದ್ದರು. ಭುಜ ಕೊಟ್ಟು ತಳ್ಳಿದೆ. ಬಾಣಲೆಯಲ್ಲಿ ಇದ್ದಿಲು ಇನ್ನೂ ಕೆಂಪಗಿತ್ತು. ಅಬ್ಬಾಸಾಕ ನಮಾಜಿನ ಮುಸಲ್ಲಾ ಚಾಪೆಯ ಮೇಲೆ ಪಕ್ಕಕ್ಕೆ ವಾಲಿ ಬಿದ್ದಿದ್ದರು. ಕಂಕುಳಿಗೆ ಕೈ ಹಾಕಿ ಹೊರಗೆ ಎಳೆದೆ. ಫೋನಿನಲ್ಲಿ ಸುಧಾ, "ಉಸಿರಾಡ್ತಿದ್ದಾರಾ? ಪಕ್ಕಕ್ಕೆ ತಿರುಗಿಸಿ ಮಲಗಿಸಿ. ಹೆಸರು ಕರೀತಾ ಇರಿ, ನಿಲ್ಲಿಸ್ಬೇಡಿ" ಎನ್ನುತ್ತಿದ್ದಳು. ಕರೆದೆ. ಇಡೀ ಬಯಲಿಗೆ ಕೇಳುವಂತೆ ಕರೆದೆ.

ಎಷ್ಟು ಹೊತ್ತಾಯಿತೋ. ಅವರು ಕೆಮ್ಮಿದರು, ವಾಂತಿ ಮಾಡಿದರು, ಅರ್ಧ ಕಣ್ಣು ತೆರೆದರು. ತೊದಲುತ್ತ ಕೇಳಿದ್ದು ಒಂದೇ ಮಾತು:

"ಪಂಪು ಓಡ್ತಾ ಉಂಟಾ?"

ಓಡುತ್ತಿತ್ತು. ಹೌದೆನ್ನಲು ಹೋಗಿ ನಾನು ಗೊಳೋ ಎಂದು ಅತ್ತುಬಿಟ್ಟೆ.

ಆಸ್ಪತ್ರೆಯಲ್ಲಿ ಎರಡು ದಿನ ಆಮ್ಲಜನಕ ಕೊಟ್ಟರು. ಮೂರನೆಯ ದಿನ ಬಂದವರು ನನ್ನ ಹಿಂದಿನ ಗಾಲಿಯನ್ನು ತಿರುಗಿಸಿ ನೋಡಿ, "ಎರಡೇ ಹೋದದ್ದಾ!" ಎಂದು ಹೆಮ್ಮೆಪಟ್ಟರು. ಅಂದಿನಿಂದ ಅವರ ಪಾಲಿಗೆ ನಾನು ಜೀವ ಉಳಿಸಿದವನು. ನೆಂಟರಿಗೆಲ್ಲ ಹಾಗೆಯೇ ಪರಿಚಯಿಸಿದರು. ಮಗಳ ಮದುವೆಯಲ್ಲಿ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ನಾನು ತಲೆ ತಗ್ಗಿಸಿ ಬಿರಿಯಾನಿ ತಿಂದೆ. ಸುಧಾ ಆ ಮಾತನ್ನು ಮತ್ತೆ ಎತ್ತಲಿಲ್ಲ. ಎತ್ತದಿರುವುದೇ ನನಗೆ ಭಾರವಾಗಿತ್ತು.

ಭಾನುವಾರ ಅಂಗಡಿಯಿಂದ ಬರಿಗೈಯಲ್ಲಿ ಬಂದವನು ಚಪ್ಪಲಿ ಬಿಡುವ ಮೊದಲೇ ಈಗ ಊರಲ್ಲೇ ಇರುವ ಅಬ್ಬಾಸಾಕನಿಗೆ, ವಿಟ್ಲಕ್ಕೆ, ಫೋನ್ ಮಾಡಿದೆ. ಕುಶಲ ಕೇಳಲಿಲ್ಲ. ಇದ್ದಿಲು, ಸುಧಾ ಹೇಳಿದ ಎಚ್ಚರಿಕೆ, ನಾನು ಮರೆತದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

"ಇಷ್ಟು ವರ್ಷ ಇದನ್ನು ಹೊತ್ತುಕೊಂಡು ತಿರುಗಿದ್ದಾ ಮಾರಾಯ್ರೆ?" ಎಂದರು ಅಬ್ಬಾಸಾಕ. "ಅದರ ಹಿಂದಿನ ವಾರ ಮಸೀದಿಯಲ್ಲೇ ಹೇಳಿದ್ರು, ಬಾಗಿಲು ಮುಚ್ಚಿ ಇದ್ದಿಲು ಹಾಕ್ಬೇಡಿ ಅಂತ. ನನಗೆ ಗೊತ್ತಿತ್ತು. ಗೊತ್ತಿದ್ದೂ ಟವೆಲ್ ತುರುಕಿದ್ದು ನಾನು. ಅಷ್ಟು ಚಳಿ! ನಿಮ್ಮ ಹತ್ರ ಹೇಳ್ಲಿಕ್ಕೆ ನನಗೇ ನಾಚಿಕೆ."

ಮೊದಲು ನಕ್ಕದ್ದು ಯಾರೋ ಗೊತ್ತಿಲ್ಲ. ನಾನು ನಗುತ್ತಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಒಳಗಿಂದ ಸುಧಾ, "ಯಾರ್ ಜೊತೆ ರೀ ಅಷ್ಟು ನಗು?" ಎಂದು ಕೈ ಒರೆಸಿಕೊಳ್ಳುತ್ತ ಬಂದಳು. ನಾನು ಫೋನನ್ನು ಅವಳ ಕೈಗೆ ಕೊಟ್ಟು, "ಅವಳಿಗೂ ನೀವೇ ಹೇಳಿ ಅಬ್ಬಾಸಾಕ" ಎಂದೆ.