ಪಿಯಾನೊದ ಕೆಳಗಿನ ಕಾಲು

ನಮ್ಮ ಕಾಕಾ ಮತ್ತು ಕಾಕು ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಜಗಳಾಡಿದ್ದು ಲೆಕ್ಕವಿಲ್ಲದಷ್ಟು ಸಲ, ಪಣ ಕಟ್ಟಿದ್ದು ಮಾತ್ರ ಒಂದೇ ಸಲ. ಅದೂ ‘ಟಕ್’ ಎಂಬ ಒಂದು ಸದ್ದಿನ ಸಲುವಾಗಿ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಪುಣೆಯ ಒಂದು ಕಚೇರಿಯಲ್ಲಿ ಗುಮಾಸ್ತ. ನನ್ನ ತಂದೆಯ ತಮ್ಮನಾದ ಕಾಕಾ ದೌಂಡದಲ್ಲಿ ರೈಲ್ವೆ ನೌಕರ. ಶನಿವಾರ ಸಂಜೆ ಪ್ಯಾಸೆಂಜರ್ ಗಾಡಿ ಹತ್ತಿ ಅವರ ಕ್ವಾರ್ಟರ್ಸಿಗೆ ಹೋಗಿಬಿಟ್ಟರೆ ಮರುದಿನ ನನಗೆ ಕಾಕುವಿನ ಕೈಯ ಬಿಸಿ ಭಕ್ಕರಿ, ಶೇಂಗಾ ಹಿಂಡಿ, ಅದರ ಮೇಲೆ ಸಂಗೀತ. ರವಿವಾರ ಹತ್ತು ಗಂಟೆಗೆ ಕಾಕಾನ ಇಬ್ಬರು ಗೆಳೆಯರು ಬರುತ್ತಿದ್ದರು. ಹೊರಗಿನ ಕೋಣೆಯಲ್ಲಿ ಜಮಖಾನೆ ಹಾಸಿ, ನಡುವೆ ಟೇಪ್ ರೆಕಾರ್ಡರ್ ಇಟ್ಟು, ದೇವರಿಗೆ ಹಚ್ಚಿದ ಹಾಗೆ ಅದರ ಮುಂದೆ ಊದಿನಕಡ್ಡಿ ಹಚ್ಚುವುದು ಪದ್ಧತಿ. ಕಾಕು ಅಡುಗೆಮನೆಯಲ್ಲಿ. ಅವಳ ಪಾಲಿಗೆ ಬಾಗಿಲ ಪರದೆ ದಾಟಿ ಬಂದಷ್ಟೇ ಸಂಗೀತ. ಅದಕ್ಕೆ ಬದಲಾಗಿ ಪರದೆಯ ಈಚೆಗೆ ಎರಡು ಸಲ ಚಹಾ.

ನಮ್ಮೆಲ್ಲರ ಮೆಚ್ಚಿನ ಕಲಾವಿದ ಪಿಯಾನೊದ ಮೇಲೆ ರಾಗ ನುಡಿಸುವವನು. ಕಾಕಾ ಎಳೆತನದಲ್ಲಿ ಧಾರವಾಡದಲ್ಲಿ ಎರಡು ವರ್ಷ ಪೇಟಿ, ಅಂದರೆ ಹಾರ್ಮೋನಿಯಂ, ಕಲಿತಿದ್ದ. ಪೇಟಿಯ ಹಾಗೇ ಪಿಯಾನೊದಲ್ಲೂ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಬರುವುದಿಲ್ಲ, ಸ್ವರಗಳೆಲ್ಲ ಬಿಡಿ ಬಿಡಿ ನಿಲ್ಲುತ್ತವೆ ಎಂದು ನಮಗೆ ಪಾಠ ಹೇಳುತ್ತಿದ್ದ. “ಆದ್ರ ಇವಂದು ನೋಡ್ರಿ, ಎಲ್ಲೂ ತುಂಡಾಗೂದಿಲ್ಲ. ಎಲ್ಲಾ ಬೆರಳಿನ ಜಾದೂ!”

ಆ ತೋಡಿ ರಾಗದ ಕ್ಯಾಸೆಟ್ಟಿನಲ್ಲಿ ಒಂದು ಕಡೆ ಮಂದ್ರ ಷಡ್ಜ ಬಹಳ ಹೊತ್ತು ನಿಲ್ಲುತ್ತದೆ. ಇನ್ನೇನು ಆರಿತು ಅನ್ನುವಾಗ, ಬಹಳ ಮೆಲ್ಲಗೆ, ಟಕ್. ಆಮೇಲೆ ಮುಂದಿನ ಸ್ವರ. ಕಾಕಾ ಅದು ಟೇಪಿನ ದೋಷವೆಂದು ಹೇಳಿ ಅಂಗಡಿಗೆ ಹೋಗಿ ಬದಲಿಸಿ ತಂದ. ಹೊಸದರಲ್ಲೂ ಟಕ್.

“ಪೂರಾ ಮಾಲೇ ಹಂಗ ಬಂದದ,” ಅಂದ ಕಾಕಾ.

ಪರದೆ ಸರಿಸಿ ಕಾಕು ಇಣುಕಿದಳು. “ಅಲ್ರೀ, ಎರಡರಾಗೂ ಅದೇ ಜಾಗಾದಾಗ ಬರ್ತದಂದ್ರ ಅದು ಟೇಪ್ ಹೆಂಗಾದೀತು? ಅದು ಅವನ ಕಾಲು.”

ಕಾಕಾ ಎಷ್ಟು ನಕ್ಕನೆಂದರೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. “ಕಾಲಂತ ಕಾಲು! ಪಿಯಾನೊ ಅಂದ್ರ ನಿನ್ನ ಹೊಲಿಗಿ ಮಷೀನ್ ಅಂತ ತಿಳದಿ ಏನು?”

ಹಾಗೆ ನಗಬಾರದಿತ್ತು. ರೈಲ್ವೆ ಕಾಲನಿಯ ಅರ್ಧ ಹೆಂಗಸರ ರವಿಕೆಗಳು ಆ ಮಷೀನಿನಿಂದ ಎದ್ದು ಬಂದಿದ್ದವು. ಕಾಲು ಬಿಟ್ಟಾಗ ಅದರ ಪಾವಟಿಗೆ, ಆ ಪೆಡಲ್ಲು, ಏನು ದನಿ ಮಾಡುತ್ತದೆ ಎಂಬುದು ಅವಳಿಗೆ ನಿದ್ದೆಯಲ್ಲೂ ಗೊತ್ತು. ಪಿಯಾನೊವನ್ನು ಮಾತ್ರ ಅವಳು ಕಂಡಿರಲಿಲ್ಲ. ನಿಜ ಹೇಳಬೇಕೆಂದರೆ ನಾವು ಯಾರೂ ಕಂಡಿರಲಿಲ್ಲ.

ಅದಾಗಿ ಎರಡು ತಿಂಗಳಿಗೆ ಆ ಕಲಾವಿದ ಪುಣೆಯಲ್ಲಿ ರವಿವಾರ ಮುಂಜಾನೆ ಒಬ್ಬನೇ ನುಡಿಸುತ್ತಾನೆಂದು ಗೊತ್ತಾಗಿ ನಾನು ಮೂರು ಪಾಸು ತಂದೆ. ಗೆಳೆಯರಿಬ್ಬರಿಗೆ ಡ್ಯೂಟಿ ಇತ್ತು. ಮೂರನೆಯ ಪಾಸು ಯಾರಿಗೆ ಎಂದು ಕಾಕಾ ಯೋಚಿಸುತ್ತಿರುವಾಗ ಕಾಕು ಕೈ ಒರೆಸಿಕೊಂಡು ಬಂದು ಅದನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಕಾಲು ಹೌದಾದ್ರ ಮುಂದಿನ ರವಿವಾರದಿಂದ ಜಮಖಾನಿ ಮ್ಯಾಲ ನಾ ಕೂಡ್ತೀನಿ. ಚಹಾ ನೀವು ಮಾಡ್ರಿ.”

“ಅಲ್ಲಾದ್ರ?”

“ಅಲ್ಲಾದ್ರ ಇನ್ನ ಮ್ಯಾಲ ಸಂಗೀತದ ಬಗ್ಗೆ ಬಾಯಿ ತಗಿಯೂದಿಲ್ಲ.”

ಕಾಕಾ ಖುಷಿಯಿಂದ ಒಪ್ಪಿದ. ನನಗೆ ಮಾತ್ರ ಚಿಂತೆ. ಕಾಕು ಆಡಿದ ಮಾತು ತಪ್ಪುವವಳಲ್ಲ.

ಆ ರವಿವಾರ ಸಭಾಗೃಹದ ಬಾಗಿಲು ತೆರೆಯುವುದಕ್ಕಿಂತ ಒಂದು ತಾಸು ಮೊದಲೇ ನಾವು ಸಾಲಿನಲ್ಲಿದ್ದೆವು. ಕಾಕು ಇಳಕಲ್ಲ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಜನರ ನಡುವೆ ದಾರಿ ಮಾಡಿಕೊಂಡು ಎಡಗಡೆಯ ಮೊದಲ ಸಾಲನ್ನೇ ಹಿಡಿದಳು. ಕೂತ ಮೇಲೆ ನೋಡಿದರೆ ವೇದಿಕೆಯ ಅಂಚಿನುದ್ದಕ್ಕೂ ಕ್ರೋಟನ್ ಕುಂಡಗಳು! ಪಿಯಾನೊದ ಬೆರಳಾಡುವ ಪಟ್ಟಿ ಕಾಣುತ್ತದೆ, ಕೂಡುವ ಸ್ಟೂಲು ಕಾಣುತ್ತದೆ. ಕೆಳಗಿನದೆಲ್ಲ ಎಲೆಯ ಮರೆ. ಕಾಕಾ ಮೀಸೆಯಲ್ಲೇ ನಕ್ಕ.

ನಿರೂಪಕ ಬಂದು, ಇವತ್ತು ಮೈಕು ಇಲ್ಲ, ಆದ್ದರಿಂದ ನಡುವೆ ಯಾರೂ ವಾಹ್ ಅನ್ನಬಾರದು, ಕೊನೆಗೆ ಚಪ್ಪಾಳೆ ತಟ್ಟಿದರೆ ಸಾಕು ಎಂದು ಮರಾಠಿಯಲ್ಲಿ ಕೈಮುಗಿದು ಕೇಳಿಕೊಂಡ. ಬೈಠಕ್ಕಿನಲ್ಲಿ ತೊಡೆ ತಟ್ಟಿ, ತಲೆದೂಗಿ, ಬಾಯ್ತುಂಬ ಮೆಚ್ಚಿ ರೂಢಿಯಾದ ಜನ, ಶಾಲೆಯ ಹುಡುಗರ ಹಾಗೆ ತುಟಿ ಬಿಗಿದು ಕೂತರು. ಕಲಾವಿದ ಬಂದ. ಕ್ಯಾಸೆಟ್ಟಿನ ಮೇಲಿನ ಚಿತ್ರಕ್ಕಿಂತ ಮುದುಕನಾಗಿದ್ದ, ಗಿಡ್ಡ ಆಸಾಮಿ. ಮೊದಲ ಸ್ವರ ಮುಟ್ಟಿದ ಕೂಡಲೇ ನನಗೆ ಅನಿಸಿದ್ದು: ಇಷ್ಟು ವರ್ಷ ನಾವು ಮುಚ್ಚಿದ ಡಬ್ಬಿಯ ಹೊರಗಿನಿಂದ ಉಪ್ಪಿನಕಾಯಿಯ ವಾಸನೆ ನೋಡುತ್ತಿದ್ದೆವು. ಆ ಷಡ್ಜ ನೆಲದಿಂದ ಹೊರಟು ಕುರ್ಚಿಯ ಕಾಲಿಗೆ ಬಂದು ನನ್ನ ಬೆನ್ನಿಗೆ ಏರಿತು. ಅದೇ ತೋಡಿ. ನಿಂತಿತು, ನಿಂತಿತು, ಆರುತ್ತ ಬಂತು...

ಟಕ್.

“ಹಾಂ!” ಅಂದಳು ಕಾಕು. ಇಡೀ ಸಭಾಗೃಹಕ್ಕೆ ಕೇಳುವ ಹಾಗೆ.

ನಾನು ನೆಲ ಬಾಯಿ ಬಿಡಲಿ ಅಂದುಕೊಂಡೆ. ಆದರೆ ಹಿಂದಿನ ಸಾಲಿನ ಅಜ್ಜನೊಬ್ಬ ಇದನ್ನೇ ಕಾಯುತ್ತಿದ್ದನೋ ಏನೋ, “ಕ್ಯಾ ಬಾತ್ ಹೈ!” ಅಂದುಬಿಟ್ಟ. ಅಲ್ಲಿಂದ ಒಡ್ಡು ಒಡೆಯಿತು. ಆ ಮೂಲೆಯಿಂದ ವಾಹ್, ಈ ಮೂಲೆಯಿಂದ ಬಹೋತ್ ಅಚ್ಛೇ. ಕಲಾವಿದ ತಲೆ ಎತ್ತಿ ನಮ್ಮ ಸಾಲಿನ ಕಡೆ ನೋಡಿ ನಕ್ಕು, ಆ ಜಾಗವನ್ನು ಇನ್ನೊಮ್ಮೆ ನುಡಿಸಿದ.

ಮಧ್ಯಂತರದಲ್ಲಿ ಕಾಕಾ, “ಸದ್ದು ಬಂತು, ಖರೆ. ಕಾಲಂತ ಹೆಂಗ ಹೇಳ್ತಿ? ಕಟ್ಟಿಗಿ ಸಡಲಾಗಿದ್ದೀತು,” ಎಂದ. ಕಾಕು ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀದಾ ವೇದಿಕೆಯ ಹತ್ತಿರ ಹೋಗಿ ಕುಂಡಕ್ಕೆ ಕೈ ಹಾಕಿದಳು.

“ಕಾಕು, ಬ್ಯಾಡ!” ಎಂದು ನಾನು ಓಡಿದೆ. ಅಷ್ಟರಲ್ಲಿ ಸ್ವಯಂಸೇವಕನೊಬ್ಬ ಬಂದು ಅಡ್ಡ ನಿಂತ. ಕಾಕು ತನ್ನ ದೌಂಡದ ಮರಾಠಿಯಲ್ಲಿ, ನನಗೆ ಅವರ ಕಾಲು ನೋಡಬೇಕಾಗಿದೆ ಅಂದಳು. ಅವನ ಮುಖ ಮೆತ್ತಗಾಯಿತು. ನಮಸ್ಕಾರಕ್ಕೆ ಬಂದ ಭಕ್ತೆ ಎಂದುಕೊಂಡನೇನೋ, “ಕಾರ್ಯಕ್ರಮ ಮುಗಿಯಲಿ ಕಾಕೂ, ನಾನೇ ಕರೆದುಕೊಂಡು ಹೋಗುತ್ತೇನೆ,” ಅಂದ.

“ಮುಗದ ಮ್ಯಾಲ ನೋಡಿ ಏನು ಮಾಡ್ಲಿ?” ಎಂದು ಕಾಕು ನನ್ನ ಕಡೆ ತಿರುಗಿದಳು. “ತಮ್ಮಾ, ಮರದ ಗೊಂಬಿ ಹಂಗ ನಿಲ್ಲಬ್ಯಾಡ. ಆ ಕಡೆ ಹಿಡಿ.”

ಹಿಡಿದೆ. ಸ್ವಯಂಸೇವಕ ಬಾಯಿ ತೆರೆದು ನಿಂತಿರುವಾಗಲೇ ಎರಡು ಕುಂಡಗಳು ಬದಿಗೆ ಸರಿದವು.

ಎರಡನೆಯ ಅರ್ಧದಲ್ಲಿ ನಾವು ಮೂವರೂ ಬೆರಳು ನೋಡಲೇ ಇಲ್ಲ. ಪಿಯಾನೊದ ಕೆಳಗೆ ಹಿತ್ತಾಳೆಯ ಮೂರು ಪಾವಟಿಗೆ. ಒಂದರ ಮೇಲೆ ಕಪ್ಪು ಬೂಟಿನ ಬಲಗಾಲು. ಕಾಲು ಒತ್ತಿದಾಗ ಸ್ವರ ಮೊಳಗುತ್ತಲೇ ಇರುತ್ತದೆ. ಅದು ಆರುವ ಮೊದಲೇ ಬೆರಳು ಮುಂದಿನ ಸ್ವರಕ್ಕೆ ಹೋಗಿರುತ್ತದೆ. ಎರಡೂ ಸ್ವರ ಕೂಡಿದ ಮೇಲೆ ಕಾಲು ಮೇಲೆ ಬರುತ್ತದೆ. ಉದ್ದನೆಯ ಸ್ವರ ಪೂರ್ತಿ ಆರಿದಾಗ ಮಾತ್ರ ಆ ಕಾಲಿನ ದನಿ ನಮ್ಮವರೆಗೆ ಬರುತ್ತಿತ್ತು.

“ಬೆರಳು ಬರೇ ಕತ್ತರಸ್ತಾವ,” ಎಂದು ಕಾಕು ಪಿಸುಗುಟ್ಟಿದಳು. “ಹೊಲಿಯೂದೆಲ್ಲಾ ಕಾಲು.” ಅವಳ ಕಣ್ಣು ತುಂಬಿತ್ತು. ಸೀರೆಯ ಅಂಚಿನ ಕೆಳಗೆ ಅವಳ ಬಲಗಾಲು ತಾನೂ ಒತ್ತುತ್ತ, ಬಿಡುತ್ತ ಇತ್ತು.

ಕಲಾವಿದ ಎದ್ದು ಕೈಮುಗಿದ. ಜನ ಚಪ್ಪಾಳೆ ತಟ್ಟುತ್ತಿರುವಾಗ ಕಾಕಾ ಅವಳ ಕಿವಿಯ ಹತ್ತಿರ ಬಾಗಿದ. “ಸಕ್ಕರಿ ಡಬ್ಬಿ ಎಲ್ಲಿ ಇಡ್ತಿ?”

ಮುಂದಿನ ರವಿವಾರ ಜಮಖಾನೆಯ ಮೇಲೆ ಕಾಕು ಗೋಡೆಗೆ ಒರಗಿ ಕೂತಿದ್ದಳು. ಗೆಳೆಯರಿಬ್ಬರೂ ಸ್ವಲ್ಪ ಸಂಕೋಚದಿಂದ ಸರಿದು ಜಾಗ ಮಾಡಿಕೊಟ್ಟಿದ್ದರು. ಒಳಗಿನಿಂದ ಹಾಲು ಉಕ್ಕಿದ ವಾಸನೆ, ಏನೋ ಬಿದ್ದ ಸದ್ದು, ಯಾರನ್ನೋ ಬೈದ ದನಿ. ಕೊನೆಗೊಮ್ಮೆ ಪರದೆ ಸರಿಸಿ ಕಾಕಾ ಕಪ್ಪುಗಳ ತಾಟು ಹಿಡಿದು ಬಂದ. ಅದೇ ಹೊತ್ತಿಗೆ ತೋಡಿಯ ಆ ಷಡ್ಜ ಆರುತ್ತ ಬಂದಿತ್ತು. ಕಾಕು ಅವನ ಕಡೆ ನೋಡದೆ ಒಂದು ಕೈ ಎತ್ತಿದಳು.

ಟಕ್ ಆಗುವವರೆಗೂ ಕಾಕಾ ಹೊಸ್ತಿಲಲ್ಲೇ ನಿಂತ, ಚಹಾದ ಕಪ್ಪು-ಬಶಿಗಳು ಸದ್ದು ಮಾಡದ ಹಾಗೆ ತಾಟನ್ನು ಎದೆಗವಚಿಕೊಂಡು.