ನಾಲ್ವರು ಟೀಚರುಗಳ ಭಾರಕ್ಕೆ ನೆಟ್ಟಗಾದ ಕಾರು

ನನ್ನ ಕಾರು ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುತ್ತದೆ. ಆ ಶೋಕಿ ನನ್ನದಲ್ಲ, ತಮ್ಮನದು. ಸ್ಪ್ರಿಂಗ್ ಕೊಯ್ಸಿ ಗಾಡಿ ತಗ್ಗಿಸಿ, ಅಗಲದ ಟೈರು ಹಾಕಿಸಿ, ಎರಡು ವರ್ಷ ಚಿತ್ರದುರ್ಗದ ಬೀದಿಗಳಲ್ಲಿ ಮೆರೆದ. ಮದುವೆಯಾದ ಮೇಲೆ ಹೆಂಡತಿ ಎತ್ತರದ ಗಾಡಿ ಬೇಕೆಂದಳು, ಇದು ನನ್ನ ಪಾಲಿಗೆ ಬಂತು. ಸುಮ್ಮನೆ ಬಂದದ್ದನ್ನು ಬೇಡ ಎನ್ನುವ ಜಾಣತನ ನನಗಿಲ್ಲ.

ಹೊಳಲ್ಕೆರೆಯಿಂದ ತಾಳ್ಯದ ಶಾಲೆಗೆ ದಿನಾ ಹೋಗಿಬರುವವಳು ನಾನು. ಅದೇ ಶಾಲೆಯ ಇನ್ನೂ ಮೂವರು ನನ್ನ ಜೊತೆ ಬರುತ್ತಾರೆ. ಹಿಂದಿನ ಸೀಟಿನಲ್ಲಿ ಗಣಿತದ ಟೀಚರು, ಹಿಂದಿ ಟೀಚರು. ನನ್ನ ಪಕ್ಕದಲ್ಲಿ ಮುಖ್ಯೋಪಾಧ್ಯಾಯಿನಿ, ನಮ್ಮ ಬಾಯಲ್ಲಿ ಎಚ್ಚೆಂ ಮೇಡಂ. ಅವರಿಗೆ ಹೋದ ವರ್ಷ ಬೆನ್ನಿನ ಆಪರೇಷನ್ ಆಗಿದೆ. ಬಸ್ಸಿನಲ್ಲಿ ನಿಂತು ಬಂದ ದಿನ ಸಂಜೆ ಶಾಲೆಯ ಮೆಟ್ಟಿಲು ಇಳಿಯಲಿಕ್ಕೂ ಅವರಿಗೆ ಆಗುವುದಿಲ್ಲ.

ಕಾರಿಗೆ ಒಂದು ಚಾಳಿ ಇತ್ತು, ಎಡಕ್ಕೆ ಎಳೆಯುವುದು. ನಾನು ಸ್ಟೇರಿಂಗನ್ನು ಬಲಕ್ಕೆ ಜಗ್ಗಿ ಹಿಡಿದು ಹೇಗೋ ಸಂಭಾಳಿಸುತ್ತಿದ್ದೆ. ಒಂದು ಬೆಳಿಗ್ಗೆ ಪಂಕ್ಚರ್ ಹಾಕುವವನು ಮುಂದಿನ ಚಕ್ರ ಬಿಚ್ಚಿ, ಟೈರಿನ ಒಳಅಂಚನ್ನು ನನ್ನ ಕಡೆ ತಿರುಗಿಸಿ ತೋರಿಸಿದ. ಹೊರಗಿನಿಂದ ಹೊಸದರ ಹಾಗೆ ಕಾಣುತ್ತಿದ್ದ ಟೈರು ಒಳಗಡೆ ತಂತಿ ಕಾಣುವಷ್ಟು ಸವೆದಿತ್ತು. ಮೇಲೆ ಥಳುಕು, ಒಳಗೆ ಹುಳುಕು. ಇಷ್ಟು ದಿನ ಮೂವರನ್ನು ಇದರ ಮೇಲೆ ಕೂರಿಸಿಕೊಂಡು ಓಡಿಸಿದೆನಲ್ಲ ಎಂದು ಆ ತಂತಿಯನ್ನೇ ಮತ್ತೆ ಮತ್ತೆ ನೋಡಿದೆ.

ಭಾನುವಾರವೇ ಚಿತ್ರದುರ್ಗಕ್ಕೆ ಹೋಗಿ ಹೊಸ ಟೈರು ಹಾಕಿಸಿ, ಕಂಪ್ಯೂಟರ್ ಮೆಷಿನ್ನಿನಲ್ಲಿ ಚಕ್ರಗಳನ್ನು ನೇರ ಮಾಡುವ ಅಲೈನ್‌ಮೆಂಟ್ ಮಾಡಿಸಿದೆ. ಹೋಗುವ ಮೊದಲು ಕಾರು ತೊಳೆದೆ. ಡಿಕ್ಕಿಯಲ್ಲಿದ್ದ ಉತ್ತರ ಪತ್ರಿಕೆಗಳ ಕಟ್ಟು, ಎಳನೀರು, ಚಾಪೆ, ಎಲ್ಲವನ್ನೂ ಇಳಿಸಿದೆ. ನಾಲ್ಕು ಜನ ನೋಡುವ ಕಡೆ ಗಾಡಿ ಒಯ್ಯುವಾಗ ಚೊಕ್ಕ ಮಾಡಿಕೊಂಡು ಹೋಗುವುದು ನಮ್ಮ ಮನೆಯ ರೂಢಿ, ಮನೆಗೆ ಬೀಗರು ಬರುವಾಗ ಮಂಚದ ಕೆಳಗೆಲ್ಲ ಗುಡಿಸುತ್ತೇವಲ್ಲ, ಹಾಗೆ. ಮೆಷಿನ್ನಿನ ಪರದೆಯಲ್ಲಿ ಎಲ್ಲವೂ ಸರಿಯಿದೆ ಎಂದು ಹಸಿರು ಬಂತು. ಒಬ್ಬಳೇ ವಾಪಸ್ ಬರುವಾಗ ಕಾರು ನೂಲು ಹಿಡಿದಂತೆ ನೆಟ್ಟಗೆ ಓಡಿತು.

ಸೋಮವಾರ ನಾಲ್ವರೂ ಕೂತೆವು. ಊರು ದಾಟುವಷ್ಟರಲ್ಲಿ ಮತ್ತೆ ಎಡಕ್ಕೆ ಎಳೆಯಿತು. ಎದುರಿಗೆ ರಸ್ತೆಯಂಚಿನಲ್ಲಿ ಕುರಿಹಿಂಡು ಬರುತ್ತಿತ್ತು. ನಾನು ಬ್ರೇಕು ಒತ್ತಿದ್ದೇ ತಡ, ಕಾರು ಕುರಿಗಳ ಕಡೆಗೇ ಹೋಗಿ ಒಂದು ಮಾರು ದೂರದಲ್ಲಿ ನಿಂತಿತು.

ಕುರಿ ಕಾಯುವವರು ಕಿಟಕಿಯ ಹತ್ತಿರ ಬಂದು, "ಏನಮ್ಮ, ಮಕ್ಕಳಿಗೆ ಪಾಠ ಹೇಳೋರು ನೀವು, ರಸ್ತೆ ಎಲ್ಲೈತೆ ಕಾಣಂಗಿಲ್ಲೇನು?" ಎಂದರು. ನನಗೆ ಸಿಟ್ಟು ನೆತ್ತಿಗೇರಿತು, ಅವರ ಮೇಲಲ್ಲ, ಆ ಹಸಿರು ಪರದೆಯ ಮೇಲೆ.

ಎಚ್ಚೆಂ ಮೇಡಂ ಬಾಗಿಲ ಮೇಲಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದು ಕೂತಿದ್ದರು. ಶಾಲೆ ಬಂದರೂ ಕೈ ಬಿಟ್ಟಿರಲಿಲ್ಲ. ಇಳಿಯುವಾಗ ಮೆಲ್ಲಗೆ, "ಬೇಜಾರು ಮಾಡ್ಕಬೇಡ, ಮುಂದಿನ ವಾರದಿಂದ ನಾನು ಬಸ್ಸಿಗೇ ಹೋಗ್ತೀನಿ" ಅಂದರು. ಬೈದಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

ಹೊಸದುರ್ಗದಲ್ಲಿ ಒಬ್ಬ ಹಿರಿಯ ಸಾಬರಿದ್ದಾರೆ. ಅವರ ತಾತ ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕಟ್ಟುತ್ತಿದ್ದವರು, ಇವರು ದಾರ ಕಟ್ಟಿ ಕಾರಿನ ಚಕ್ರ ಸರಿಮಾಡುತ್ತಾರೆ. ಫೋನಿನಲ್ಲಿ ನನ್ನ ಕಥೆಯೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು. "ಮೆಷಿನ್ ಮೇಲೆ ನಿಲ್ಸಿದಾಗ ಗಾಡೀಲಿ ಯಾರಿದ್ರು?"

"ಯಾರೂ ಇರಲಿಲ್ಲ. ಖಾಲಿ ಮಾಡಿ, ತೊಳೆದುಕೊಂಡು ಹೋಗಿದ್ದೆ."

"ಅಲ್ಲೇ ಐತಲ್ಲ ಮೇಡಂ. ಅಳತೆ ಸರಿನೇ, ಆದ್ರೆ ಖಾಲಿ ಗಾಡಿಗೆ. ದಿನಾ ಯಾರ್ಯಾರು ಕುಂತ್ಕಂತೀರೋ ಅವರನ್ನೆಲ್ಲ ಕರ್ಕಂಡು ಬರ್ರಿ. ಬ್ಯಾಗು, ಊಟದ ಡಬ್ಬಿ ಸೈತ ಇರ್ಲಿ."

ಶನಿವಾರ ಬೆಳಗಿನ ಶಾಲೆ ಮುಗಿಸಿ ಮೂವರನ್ನೂ ಬೇಡಿಕೊಂಡು ಹೊಸದುರ್ಗಕ್ಕೆ ಕರೆದೊಯ್ದೆ. ಕಾರು ಸಾಬರ ಗ್ಯಾರೇಜಿನಲ್ಲಿ, ಕೆಳಗಿಳಿದು ಕೆಲಸ ಮಾಡುವ ಗುಂಡಿಯ ಮೇಲೆ ನಿಂತಿತು. ಸಾಬರು ನಮ್ಮನ್ನು ಇಳಿಸಿ, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಬೆರಳು ಇಟ್ಟು ನೋಡಿದರು. ಎರಡೂ ಕಡೆ ಎರಡೆರಡು ಬೆರಳು ಹೋದವು. "ಈಗ ಕುಂತ್ಕಳ್ರಿ" ಅಂದರು. ಕೂತೆವು. ಬಲಗಡೆ ಒಂದು ಬೆರಳು ಹೋಯಿತು, ಎಡಗಡೆ ಒಂದೂ ಹೋಗಲಿಲ್ಲ. "ಸ್ಪ್ರಿಂಗ್ ಕೊಯ್ಯೋವಾಗ ಕಾವು ತಗುಲಿ ಎಡಗಡೇದು ಮೆತ್ತಗಾಗೈತೆ. ಭಾರ ಬಿದ್ರೆ ಈ ಕಡೆ ಕುಸಿತೈತೆ, ಚಕ್ರ ಸೊಟ್ಟ ಆಗ್ತೈತೆ."

ಎಡಗಡೆ ಕೂತಿದ್ದ ಎಚ್ಚೆಂ ಮೇಡಂ ಮುಖ ಕೆಂಪಾಯಿತು. "ತೂಕ ಮಾತ್ರ ಕೇಳಬೇಡ್ರಿ" ಅಂದರು.

"ನನಗ್ಯಾಕ್ರಮ್ಮ ತೂಕ? ಅಲ್ಲಾಡದೆ ಕುಂತ್ಕಳ್ರಿ, ಸಾಕು."

ಹಿಂದಿನ ಚಕ್ರದಿಂದ ಮುಂದಿನ ಚಕ್ರದವರೆಗೆ ಎರಡೂ ಬದಿಗೆ ದಾರ ಬಿಗಿದರು. ಗುಂಡಿಗಿಳಿದು ಸ್ಪಾನರ್ ತಿರುಗಿಸುವುದು, ಮೇಲೆ ಬಂದು ಅಳೆಯುವುದು, ಮತ್ತೆ ಇಳಿಯುವುದು. ಬಿಸಿಲಿಗೆ ಕಾರು ಕಾದಿತ್ತು. ಗಣಿತದವರು ಡಬ್ಬಿ ಬಿಚ್ಚಿ ಮಂಡಕ್ಕಿ ಹಂಚಿದರು. ನಾಲ್ವರೂ ಪಾಠ ಒಪ್ಪಿಸುವ ಮಕ್ಕಳ ಹಾಗೆ ಅಲ್ಲಾಡದೆ ಕೂತು ತಿಂದೆವು. ಕೊನೆಗೆ ಸಾಬರು ಕೈ ಒರೆಸಿಕೊಳ್ಳುತ್ತಾ, "ಇಷ್ಟು ತಗ್ಗಿಸಿದ ಗಾಡಿ ಒಳಗಡೆ ಟೈರು ತಿನ್ನೋದು ಪೂರ್ತಿ ನಿಲ್ಲಲ್ಲ. ತಿಂಗಳಿಗೊಂದ್ಸಲ ಕೈಯಾಡಿಸಿ ನೋಡ್ರಿ. ದುಡ್ಡು ಕೂಡಿದಾಗ ಒಳ್ಳೆ ಸ್ಪ್ರಿಂಗ್ ಹಾಕಿಸ್ರಿ. ಎಳೆಯೋದು ಮಾತ್ರ ಇನ್ನಿಲ್ಲ" ಅಂದರು.

ಸೋಮವಾರ ಎಚ್ಚೆಂ ಮೇಡಂ ಮನೆಯ ಮುಂದೆ ಕಾರು ನಿಲ್ಲಿಸಿ, ಬರುತ್ತಾರೋ ಬಸ್ಸಿಗೆ ಹೋಗುತ್ತಾರೋ ಎಂದು ಬಾಗಿಲನ್ನೇ ನೋಡುತ್ತಿದ್ದೆ. ಬಂದು ಕೂತರು. ಕೂತ ಕೂಡಲೇ ಹಿಡಿಕೆ ಹಿಡಿದರು. ಊರು ದಾಟಿತು, ಕಾರು ನೆಟ್ಟಗಿತ್ತು. ಕುರಿಗಳು ಸಿಕ್ಕಿದ್ದ ಜಾಗದಲ್ಲಿ ಬೇಕೆಂದೇ ಬ್ರೇಕು ಒತ್ತಿದೆ, ಆಗಲೂ ನೆಟ್ಟಗೇ ನಿಂತಿತು. ಉಸ್ಸಪ್ಪಾ ಅಂದುಕೊಂಡೆ. ಹಿಂದಿನವರಿಬ್ಬರೂ ಮಾತಿಗಿಳಿದರು. ನನ್ನ ಪಕ್ಕದವರು ಮಾತ್ರ ಮಾತಾಡಲಿಲ್ಲ. ಇನ್ನೂ ಭಯವೇನೋ ಎಂದು ತಾಳ್ಯದ ಹತ್ತಿರ ಓರೆಗಣ್ಣಿನಲ್ಲಿ ನೋಡಿದೆ. ಹಿಡಿಕೆ ಬಿಟ್ಟ ಕೈ ಮಡಿಲಲ್ಲಿತ್ತು. ಎಚ್ಚೆಂ ಮೇಡಂ ಬಾಯಿ ತುಸು ತೆರೆದು ನಿದ್ದೆ ಹೋಗಿದ್ದರು.

ಶಾಲೆಯ ಮುಂದಿನ ಹಂಪು ಬಂತು. ಅವರಿಗೆ ಎಚ್ಚರವಾಗದಿರಲಿ ಎಂದು ಕಾರನ್ನು ಓರೆಯಾಗಿ, ಒಂದೊಂದೇ ಚಕ್ರವಾಗಿ ಹತ್ತಿಸಿ ಇಳಿಸಿದೆ.