ಹುಣಸೆಹಣ್ಣು ತಾಗಿದ ಆನೆ

ಬೆಳಕು ಹರಿಯುವ ಮೊದಲೇ ಪೂರ್ಣಿಮಾ ಡಿಷ್‌ವಾಷರ್ ಖಾಲಿ ಮಾಡಿದಳು, ಹಾಲು ಕಾಯಿಸಿದಳು, ಮಗಳ ಡಬ್ಬಿಗೆ ಚಪಾತಿ ಸುತ್ತಿಟ್ಟಳು, ಗಂಡನ ಶರ್ಟಿಗೆ ಇಸ್ತ್ರಿ ಹಾಕಿದಳು. ಶುಕ್ರವಾರವಾದ್ದರಿಂದ ದೇವರ ಪಾತ್ರೆಗಳೂ ಇದ್ದವು. ಅಮೆರಿಕದ ಸ್ನೊಕ್ವಾಲ್ಮಿಗೆ ಬಂದು ಹದಿನಾರು ವರ್ಷವಾದರೂ ಅವಳು ಅವನ್ನು ಹುಣಸೆಹಣ್ಣಿನಲ್ಲೇ ತಿಕ್ಕುತ್ತಿದ್ದಳು.

ಪಂಚಪಾತ್ರೆಯ ನೀರಿನಲ್ಲಿ ಹಸಿರುಗಟ್ಟಿದ ನಾಣ್ಯವೊಂದಿತ್ತು. ಒಂದು ಬದಿಯಲ್ಲಿ ಆನೆ. ಹೋದ ವರ್ಷ ಬಂದಿದ್ದ ಅತ್ತೆ ಬಿಟ್ಟುಹೋದ ಪೂಜೆಯ ಕಾಸಿರಬೇಕೆಂದು ಅದನ್ನೂ ತಿಕ್ಕಿದಳು. ಆನೆ ಹೊಸ ತಂಬಿಗೆಯ ಹಾಗೆ ಹೊಳೆಯಿತು.

ಏಳು ಗಂಟೆಗೆ ಗಂಡ ತ್ರಿವಿಕ್ರಮ ಕೂಗಾಡಿದ.

"ಎರಡು ಸಾವಿರದ ಇನ್ನೂರು ವರ್ಷ ಹಳೇದು ಕಣೇ! ಗ್ರೀಕ್ ರಾಜನ ಕಂಚು! ಮಣ್ಣು ಬಿಡ್ಲಿ ಅಂತ ನೆನೆಹಾಕಿದ್ದೆ. ಆ ಹಸಿರಿಗೇ ಅದರ ಬೆಲೆ!"

"ಕಿಲುಬಿಗಾ?"

"ನಿನಗೇನು ಗೊತ್ತಾಗತ್ತೆ?"

"ದೇವರ ಪಾತ್ರೇಲಿ ಯಾಕ್ರೀ ನೆನೆಹಾಕಿದ್ರಿ? ಬೇರೆ ಬಟ್ಟಲು ಎಲ್ಲಿದೆ ಅಂತ ಗೊತ್ತಿದ್ರೆ ತಾನೆ!"

"ಶಿ ಈಸ್ ರೈಟ್, ಡ್ಯಾಡ್," ಎಂದಳು ಮಗಳು, ಫೋನಿನಿಂದ ತಲೆ ಎತ್ತದೆ.

"ನಾಳೆ ಕಾಯಿನ್ ಕ್ಲಬ್‌ನವರು ಊಟಕ್ಕೆ ಬರ್ತಾರೆ. ಅವರ ಮುಂದೆ ನೀನೇ ಹೇಳು, ಹಾಳು ಮಾಡಿದ್ದು ನಾನು ಅಂತ. ನಾಳೆಯ ನಿನ್ನ ಡ್ರೈವಿಂಗ್ ಟೆಸ್ಟ್ ಮುಂದಕ್ಕೆ ಹಾಕ್ಕೋ."

ಆ ಟೆಸ್ಟ್ ಆಗಲೇ ಮೂರು ಸಲ ಮುಂದಕ್ಕೆ ಹೋಗಿತ್ತು. ಅತ್ತೆಯ ಕಣ್ಣಿನ ಆಪರೇಷನ್, ಮಗಳ ಜ್ವರ, ಇದೇ ಕ್ಲಬ್‌ನವರ ಹಿಂದಿನ ಊಟ. ಲೈಸೆನ್ಸ್ ಇಲ್ಲದೆ, ಗುಡ್ಡದ ಮೇಲಿನ ಆ ಮನೆಯಿಂದ ಒಂದು ಕಟ್ಟು ಕೊತ್ತಂಬರಿ ತರಲೂ ಗಂಡನ ಬಿಡುವು ಕಾಯಬೇಕಿತ್ತು.

ಶನಿವಾರ ಬೆಳಿಗ್ಗೆ ಅವನು ಮಗಳನ್ನು ಕರೆದುಕೊಂಡು ವೈನ್ ತರಲು ವುಡಿನ್‌ವಿಲ್‌ಗೆ ಹೊರಟ. "ಪುಳಿಯೋಗರೆ ಜಾಸ್ತಿ ಮಾಡು, ಅವರಿಗೆ ಇಷ್ಟ," ಎಂದು ಬಾಗಿಲಲ್ಲಿ ನಿಂತು ಹೇಳಿದ. ತಪ್ಪೊಪ್ಪಿಗೆಯ ಮಾತನ್ನೂ ನೆನಪಿಸಿದ.

ಹುಣಸೆಹಣ್ಣು ನೆನೆದಿತ್ತು. ಬದನೆಕಾಯಿಗಳು ಮಣೆಯ ಮೇಲಿದ್ದವು. ಒಂಬತ್ತೂವರೆಗೆ, ಟೆಸ್ಟಿಗೆ ಕರೆದೊಯ್ಯಲು, ಡ್ರೈವಿಂಗ್ ಸ್ಕೂಲಿನ ಗ್ಲೋರಿಯಾಳ ಕಾರು ಮನೆಯ ಮುಂದೆ ಬಂದು ನಿಂತಿತು. ಬರುವುದಿಲ್ಲ ಎಂದು ಅವಳಿಗೆ ಮೆಸೇಜ್ ಮಾಡಲು ಪೂರ್ಣಿಮಾ ಫೋನ್ ಎತ್ತಿಕೊಂಡಳು. ಎರಡು ಪದ ಬರೆದಳು, ಅಳಿಸಿದಳು.

ಸ್ಟವ್ ಆರಿಸಿದಳು. ಶೋಕೇಸಿನಿಂದ ನಾಣ್ಯವನ್ನು ತಂದು, ಇನ್ನೂ ಹೆಚ್ಚದ ಬದನೆಕಾಯಿಗಳ ಪಕ್ಕದಲ್ಲಿ, ಆನೆ ಮೇಲೆ ಬರುವಂತೆ ಇಟ್ಟಳು. ಬಂದವರು ನೋಡಲಿ, ಹೇಗೆ ಹೊಳೆಯುತ್ತಿದೆ ಅಂತ.

ಏಪ್ರನ್ ಬಿಚ್ಚಿ, ಶೂ ಹಾಕಿಕೊಂಡು, ಬಾಗಿಲು ಎಳೆದುಕೊಂಡಳು.